ನನ್ನ ಅಳತೆಗೋಲು, ಆಯಿಯ ಎಮ್ಮೆ

ನೆಲದ ಮೇಲೆ ನಿಂತುಕೊಂಡು ನೆಲದಡಿ ಏನಾಗಿದೆ ಅಂತ ಹೇಳುವ ನೌಕರಿ ಯಾರಿಗಾದರೂ ಸಿಕ್ಕರೆ, ಅವರಿಗೆ ವಾರಕ್ಕೊಂದು ಫಜೀತಿ ಕಟ್ಟಿಟ್ಟದ್ದು. ನನಗೆ ಆ ನೌಕರಿ ಸಿಕ್ಕಿತ್ತು. ಎಂಬತ್ತರ ದಶಕದ ನಡುವಿನಿಂದ ಹಿಡಿದು ತೊಂಬತ್ತರ ದಶಕ ಮುಗಿಯುವವರೆಗೆ ಚಿಕ್ಕೋಡಿಯಲ್ಲಿ ಮನೆ ಮಾಡಿಕೊಂಡು, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಅಂತ ಸ್ಕೂಟರಿನ ಮೇಲೆ ಸುತ್ತುತ್ತಿದ್ದೆ. ಪೆಟ್ರೋಲ್ ಪಂಪುಗಳಲ್ಲಿ ನೆಲದಡಿ ಹೂತಿಟ್ಟ ಟಾಕಿಗಳು ಸೋರುತ್ತಿವೆಯೋ ಇಲ್ಲವೋ ಅಂತ ನೋಡಿ ಬರೆದು ಕೊಡುವುದು ನನ್ನ ಕೆಲಸ.

ಕೇಳಲು ದೊಡ್ಡ ಕೆಲಸ, ಮಾಡಲು ಸಣ್ಣದು. ಸಂಜೆ ಪಂಪು ಬಂದ್ ಮಾಡಿಸಿ ಟಾಕಿಯ ಬಾಯಿಂದ ಅಳತೆಗೋಲು ಇಳಿಸಬೇಕು. ಕೋಲು ಎಲ್ಲಿಯವರೆಗೆ ಹಸಿಯಾಗಿದೆ ಅಂತ ನೋಡಿ ಬರೆದುಕೊಳ್ಳಬೇಕು. ಬೆಳಿಗ್ಗೆ ಯಾರಿಗೂ ಒಂದು ಹನಿ ಮಾರುವ ಮೊದಲು ಮತ್ತೆ ಇಳಿಸಬೇಕು. ಎರಡೂ ಒಂದೇ ಇದ್ದರೆ ಟಾಕಿ ಗಟ್ಟಿ, ಬೆಳಿಗ್ಗೆ ಕಡಿಮೆಯಾಗಿದ್ದರೆ ಎಲ್ಲೋ ತೂತು. ಕೋಲಿನ ತುದಿಗೆ ಹಿತ್ತಾಳೆಯ ಮೊನೆ ಇರುತ್ತಿತ್ತು. ಅದು ತಳಕ್ಕೆ ಬಡಿದು 'ಠಣ್' ಅನ್ನಬೇಕು, ಅಂದರೇನೇ ಅಳತೆ ಖರೆ ಅಂತ ನಾನು ಪಂಪಿನವರಿಗೆಲ್ಲ ಪಾಠ ಮಾಡಿದ್ದೆ. "ಮೆಲ್ಲಗೆ ಇಳಿಸಬೇಡಿ, ಬಿಡಿ, ಬೀಳಲಿ, ನನಗೆ ಸಪ್ಪಳ ಕೇಳಬೇಕು" ಅಂತ ಹೇಳುತ್ತಿದ್ದೆ. ಈ ಮಾತು ನೆನಪಿರಲಿ.

ಈ ನೌಕರಿಯಲ್ಲಿ ನಕ್ಕಿದ್ದು ಬಹಳ. ಆದರೆ ಈಗ ಕುಳಿತು ನೆನೆಸಿದರೆ ಒಂದೊಂದು ನಗೆಯ ಕೆಳಗೂ ನನ್ನಿಂದ ತೊಂದರೆಯಾದವರು ಒಬ್ಬರು ಸಿಗುತ್ತಾರೆ. ಎಲ್ಲರಿಗಿಂತ ಹೆಚ್ಚು ಅನ್ಯಾಯ ಆದದ್ದು ಕಬ್ಬೂರ ಕಡೆಯ ಒಬ್ಬ ಮುದುಕಿ ಆಯಿಗೆ, ಆಕೆಯ ಬಾವಿಗೆ, ಆಕೆಯ ಎಮ್ಮೆಗೆ. ಅದನ್ನು ಹೇಳಲು ಧೈರ್ಯ ಬರಬೇಕಾದರೆ ಮೊದಲು ಬೇರೆಯವನ್ನು ಹೇಳಿಕೊಳ್ಳಬೇಕು.

೧. ಚಪ್ಪಲಿಯ ಮುಳ್ಳು

ನೌಕರಿಗೆ ಸೇರಿದ ಮೊದಲ ಬೇಸಿಗೆ. ರಾಯಬಾಗದಿಂದ ಮುಗಳಖೋಡದ ಕಡೆ ಹೋಗುವಾಗ ಸ್ಕೂಟರು ಪಂಕ್ಚರ್ ಆಯಿತು. ಸ್ಟೆಪ್ನಿ ಹಾಕುವ ಮೊದಲು ಕೋಲನ್ನು ಬಿಚ್ಚಿ ಕೈಯಲ್ಲಿ ಹಿಡಿದು, ಹೊಲದ ಬದುವಿನ ಬನ್ನಿ ಗಿಡದ ನೆರಳಿಗೆ ನಡೆದೆ. ಹೊಲದ ಯಜಮಾನ ಅಲ್ಲಿಂದಲೇ ಎದ್ದು ಕೈ ಮುಗಿದ. "ಬರ್ರಿ ಸಾಹೇಬ್ರ, ನೀರ ನೋಡಾವ್ರೇನ್ರಿ? ನಮ್ಮ ಹೊಲದಾಗೂ ಒಂದೀಟ ಕೋಲ ಹಿಡದ ಅಡ್ಡಾಡ್ರಿ."

ನಾನು ಅಂತಹವನಲ್ಲ, ಡೀಸೆಲ್ಲಿನವನು ಅಂತ ಹೇಳಿದೆ. "ಡೀಸೆಲ್ ಸಿಕ್ರೂ ನಡಿತೈತ್ರಿ" ಅಂದ. ಚಹಾ ಕುಡಿಸಿದ ಮೇಲೆ ಇಲ್ಲ ಅನ್ನುವುದು ಹೇಗೆ? ಹೊಲದಲ್ಲಿ ಸುಮ್ಮನೆ ಹತ್ತು ಹೆಜ್ಜೆ ನಡೆದೆ. ಜಾಲಿಮುಳ್ಳು ಚಪ್ಪಲಿ ತೂರಿ ಅಂಗಾಲಿಗೆ ನಟ್ಟಿತು. ಕೋಲು ಊರಿ ನಿಂತು ಮುಳ್ಳು ಕಿತ್ತುಕೊಳ್ಳುವಷ್ಟರಲ್ಲಿ, ಯಜಮಾನ ಕಲ್ಲು ತಂದು ಕೋಲು ಊರಿದ ಜಾಗದಲ್ಲಿ ಇಟ್ಟುಬಿಟ್ಟ.

ಮರುವರ್ಷ ಅದೇ ದಾರಿಯಲ್ಲಿ ಹೋದಾಗ ನನ್ನನ್ನು ಅಡ್ಡಗಟ್ಟಿ ಹಾರ ಹಾಕಿದರು. ಬಾವಿ ತೋಡಿದ್ದರು, ನೀರು ಬಿದ್ದಿತ್ತು. ನಾನು ನಾಚಿಕೆಯಿಂದ ಮುಳ್ಳಿನ ಕತೆ ಪೂರ್ತಿ ಹೇಳಿದೆ. ಯಜಮಾನ ಗಂಭೀರವಾಗಿ ಕೇಳಿಸಿಕೊಂಡು, "ಹಂಗಾದ್ರ ತಮ್ಮನ ಹೊಲದಾಗ ಇನ್ನೊಂದ ಬಾವಿ ತೋಡೂದೈತಿ, ಅದ ಚಪ್ಪಲಿ ಹಾಕ್ಕೊಂಡ ಬರ್ರಿ" ಅಂದ.

ನಕ್ಕು ಮುಂದೆ ಹೋದೆ. ಆದರೆ ಸುದ್ದಿ ನನಗಿಂತ ಮುಂದೆ ಹೋಗಿತ್ತು. ನೆಲದೊಳಗಿನದು ಈ ಸಾಹೇಬನಿಗೆ ಕಾಣುತ್ತದೆ ಅಂತ ಐದೂ ಊರಿನ ಸುತ್ತ ಹೆಸರಾಯಿತು. ನನ್ನ ಮಾತನ್ನು ಜನ ನಂಬತೊಡಗಿದರು. ಮುಂದೆ ಆದ ಅನಾಹುತಕ್ಕೆಲ್ಲ ಈ ನಂಬಿಕೆಯೇ ಮೂಲ.

೨. ಕೆಂಪು

ಟಾಕಿಯಲ್ಲಿ ತೂತಿದ್ದರೆ ಡೀಸೆಲ್ ಹೊರಗೆ ಹೋಗುವುದಷ್ಟೇ ಅಲ್ಲ, ಒಮ್ಮೊಮ್ಮೆ ನೆಲದ ನೀರು ಒಳಗೂ ಬರುತ್ತದೆ. ಅದನ್ನು ನೋಡಲು ಕೋಲಿನ ತುದಿಗೆ ಒಂದು ಪೇಸ್ಟು ಸವರಿ ಇಳಿಸುತ್ತೇವೆ. ತಳದಲ್ಲಿ ನೀರಿದ್ದರೆ ಪೇಸ್ಟು ಕೆಂಪಾಗುತ್ತದೆ.

ಅಥಣಿಯಲ್ಲಿ ಒಂದು ಪಂಪು. ಆಗ ಹಿಂಗಾರಿ ಬಿತ್ತನೆಯ ಗಡಿಬಿಡಿ, ಟ್ರ್ಯಾಕ್ಟರುಗಳು ಡೀಸೆಲ್ಲಿಗೆ ಸಾಲು ಹಚ್ಚಿದ್ದವು. ನನ್ನ ಕೋಲು ಚಿಕ್ಕೋಡಿಯಲ್ಲಿ ಉಳಿದಿತ್ತು ಅಂತ ಪಂಪಿನದೇ ಕೋಲು ತೆಗೆದುಕೊಂಡು ಪೇಸ್ಟು ಸವರಿ ಇಳಿಸಿದೆ. ಮೇಲೆ ಬಂದಾಗ ತುದಿ ಕೆಂಪಗೆ. ಎರಡನೆಯ ಸಲವೂ ಕೆಂಪು. ನಾನು ಪಂಪಿಗೆ ಹಗ್ಗ ಕಟ್ಟಿಸಿ, ಟಾಕಿಯೊಳಗೆ ನೀರು ಬಂದಿದೆ, ಯಾರೂ ಮುಟ್ಟಬೇಡಿ ಅಂತ ಕಟ್ಟುನಿಟ್ಟು ಮಾಡಿದೆ. ಎರಡು ದಿನ ಪಂಪು ಬಂದ್. ಹಸಿ ಆರುವ ಮೊದಲು ಬಿತ್ತಬೇಕಾದ ರೈತರು ನನ್ನನ್ನು ಏನೇನು ಬೈದರೋ ಅದನ್ನು ಇಲ್ಲಿ ಬರೆಯಲಾಗದು.

ಮೂರನೆಯ ದಿನ ನನ್ನ ಕೋಲು ತರಿಸಿ ನೋಡಿದರೆ ಕೆಂಪಿಲ್ಲ. ಪಂಪಿನ ಮ್ಯಾನೇಜರು ಆಗ ಮೆಲ್ಲಗೆ ಬಾಯಿ ಬಿಟ್ಟ. "ಮೊನ್ನಿ ದಸರಾದಾಗ ಖಂಡೆ ಪೂಜಿ ಇತ್ತಲ್ರಿ, ಆಯುಧ ಪೂಜಿ. ಟ್ರ್ಯಾಕ್ಟರಿನವ್ರು ಟ್ರ್ಯಾಕ್ಟರಿಗೆ ಮಾಡತಾರ, ನಾವು ಕೋಲಿಗೆ ಮಾಡೇವ್ರಿ. ಒಂದ ಬಟ್ಟಲ ಕುಂಕುಮ ಬಡದೇವಿ."

"ಅದನ್ನು ಅವತ್ತೇ ಹೇಳಬಾರದೇನ್ರಿ?" ಅಂತ ಕೂಗಾಡಿದೆ.

"ನೀವು ಹಗ್ಗಾ ಕಟ್ಟಿ ಕೈ ಮುಗದ ನಿಂತ್ರಿ. ಇವ್ರೂ ಪೂಜಿ ಮಾಡಾಕತ್ತಾರ ಅಂತ ಸುಮ್ಮನಾದೇವ್ರಿ."

ನಾನು ಕೈ ಮುಗಿದದ್ದು ಪೂಜೆಗಲ್ಲ, ರೈತರ ಬೈಗುಳ ನಿಲ್ಲಲಿ ಅಂತ. ಆ ವರ್ಷ ಅಲ್ಲಿ ಎಷ್ಟು ಹೊಲ ಬಿತ್ತದೆ ಉಳಿದವು ಅಂತ ಕೇಳುವ ಧೈರ್ಯ ನನಗೆ ಆಗಲಿಲ್ಲ. ಅಂದಿನಿಂದ ಕೆಂಪು ಕಂಡರೆ ನನಗೆ ಮೊದಲು ನೆನಪಾಗುವುದು ಕುಂಕುಮ.

೩. ಒಂದು ತಂಬಿಗೆ ನೀರು

ಚಿಕ್ಕೋಡಿಯಿಂದ ಕಬ್ಬೂರಿಗೆ ಹೋಗುವ ದಾರಿಯಲ್ಲಿ ಒಂದು ಪಂಪು ಇತ್ತು. ಅದರ ಬೆನ್ನಿಗೇ ಒಬ್ಬ ಆಯಿಯ ಹೊಲ. ತುಂಡು ಹೊಲ, ಕಲ್ಲು ಕಟ್ಟಿದ ಹಳೆಯ ಬಾವಿ, ಗಡಗಡಿಗೆ ಹಗ್ಗ, ಒಂದು ಎಮ್ಮೆ. ಆಯಿಗೆ ಇದ್ದ ಸಂಸಾರ ಇಷ್ಟೇ. ಹಾಲು ಮಾರಿ ಬದುಕುತ್ತಿದ್ದಳು.

ಆಯಿ ಪಂಪಿಗೆ ಬಂದು ತಕರಾರು ತೆಗೆದಳು. "ಎಮ್ಮಿ ಬಾವಿ ನೀರ ಕುಡಿವಲ್ದು. ಬಕೀಟ ಮೂಸಿ ನೋಡತೈತಿ, ಮಾರಿ ತಿರವತೈತಿ. ನಿಮ್ಮ ಟಾಕಿ ಸೋರಾಕತ್ತೈತಿ."

"ನಿಮಗೆ ವಾಸನೆ ಬರುತ್ತದೇನು ಆಯಿ?" ಅಂತ ಕೇಳಿದೆ.

"ನನ್ನ ಮೂಗ ತಪಕೀರ ಪುಡಿ ಏರಿಸಿ ಏರಿಸಿ ಹೋಗೇತಿ. ಎಮ್ಮಿ ಮೂಗ ಹೋಗಿಲ್ಲ. ಎಮ್ಮಿ ಸುಳ್ಳ ಹೇಳತೈತೇನ ತಮ್ಮಾ?"

ಎಮ್ಮೆಯ ಮಾತಿನ ಮೇಲೆ ವರದಿ ಬರೆಯಲು ಬರುವುದಿಲ್ಲ ಅಂತ ನಕ್ಕೆ. ಆದರೂ ನಿಯಮದ ಪ್ರಕಾರ ಸಂಜೆ ಪಂಪಿನ ಕೋಲು ಬಿಟ್ಟೆ, ಬೆಳಿಗ್ಗೆ ಕೋಲು ಬಿಟ್ಟೆ. ಆಶ್ಚರ್ಯ ಅಂದರೆ ಬೆಳಿಗ್ಗೆ ಡೀಸೆಲ್ ಎರಡು ನೂಲು, ಅಂದರೆ ಕಾಲು ಇಂಚು, ಹೆಚ್ಚಾಗಿತ್ತು! ಆ ಪಂಪಿನಲ್ಲಿ ಬಹಳ ವರ್ಷಗಳಿಂದ ಇದ್ದ ಕೆಲಸಗಾರನೊಬ್ಬ ಕೋಲನ್ನು ನೋಡಿ ಬೆರಗಾದ. "ಒಳಗ ಡೀಸೆಲ್ ಮರಿ ಹಾಕಾಕತ್ತೈತೇನ್ರಿ ಸಾಹೇಬ್ರ?"

ಅವನೇ ಇನ್ನೊಂದು ಮಾತು ಹೇಳಿದ. "ಮೊದಲಿನಗತೆ ಠಣ್ ಅನ್ನವಲ್ದ್ರಿ ಕೋಲ. ಸಪ್ಪಳ ದಪ್ಪ ಆಗೈತಿ." ಮೊನೆ ಸವೆದಿದೆ ಅಂತ ನಾನು ಹೊಸ ಹಿತ್ತಾಳೆ ಮೊನೆ ಹಾಕಿಸಿಕೊಟ್ಟೆ. ಮೊದಲಿಗಿಂತ ಚೂಪಾದದ್ದು.

ಬೆಳಿಗ್ಗೆ ಕಡಿಮೆಯಾಗಿಲ್ಲ, ಅಂದರೆ ಸೋರಿಲ್ಲ. ಆಯಿಗೆ ಹಾಗೆ ಹೇಳಿದರೆ ಆಕೆ ಎಮ್ಮೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಸೇರಿದ ಜನರ ಎದುರು ನನಗೂ ಹುರುಪು ಬಂತು. "ಒಂದು ತಂಬಿಗೆ ಕೊಡು ಆಯಿ" ಅಂದು ಆ ಬಾವಿಯ ನೀರನ್ನು ಗಟಗಟ ಕುಡಿದು ತಂಬಿಗೆ ಬೋರಲು ಹಾಕಿ ತೋರಿಸಿದೆ.

ಆಯಿ ಎಮ್ಮೆಯ ಬೆನ್ನಿಗೆ ಒಂದು ಬಾರಿಸಿದಳು. "ನೋಡಬೇ, ಮುಗಳಖೋಡದಾಗ ನೀರ ತಗದ ಸಾಹೇಬ ಕುಡದಾರ. ನಿಂದೇನ ದೌಲತ್ತ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಖರೆ ಹೇಳಬೇಕಲ್ಲ, ಅವತ್ತು ರಾಯಬಾಗ ಮುಟ್ಟುವವರೆಗೆ ನನಗೆ ಬಂದ ತೇಗಿಗೆ ಡೀಸೆಲ್ಲಿನ ವಾಸನೆ ಇತ್ತು. ನಾಲಿಗೆ ಹೌದು ಅಂದಿತ್ತು, ಕೋಲು ಇಲ್ಲ ಅಂದಿತ್ತು. ನಾನು ಕೋಲಿನ ಮಾತು ಕೇಳಿ 'ಸೋರಿಕೆ ಇಲ್ಲ' ಅಂತ ಬರೆದು ಸಹಿ ಹಾಕಿದೆ. ನಲವತ್ತು ಸಲ ಯೋಚಿಸಿದರೂ ಆ ಸಹಿಗೆ ನೆಪ ಸಿಕ್ಕಿಲ್ಲ.

೪. ಕಂಬಳಿ

ಕಾಗವಾಡದ ಪಂಪಿನ ಮ್ಯಾನೇಜರು ದೇವರಂಥ ಮನುಷ್ಯ. ಒಂದು ಏಪ್ರಿಲ್ ಮಧ್ಯಾಹ್ನ, ಬಿಸಿಲಲ್ಲಿ ಕಾದ ಟ್ಯಾಂಕರಿನಿಂದ ಟಾಕಿಗೆ ಡೀಸೆಲ್ ಇಳಿಸಿದರು. ಸಂಜೆ ಅಳತೆ ನೋಡಿದೆ, ಬೆಳಿಗ್ಗೆ ನೋಡಿದೆ. ಬೆರಳಗಲ ಕಡಿಮೆ. ಟಾಕಿ ಹೊಸದು, ಸೋರುವ ಮಾತೇ ಇಲ್ಲ. ನಾನು ಮ್ಯಾನೇಜರ ಮುಖ ನೋಡಿ, "ರಾತ್ರಿ ಯಾರ ಕ್ಯಾನು ತುಂಬಿತ್ರಿ?" ಅಂತ ಕೇಳಿಬಿಟ್ಟೆ.

ಆತ ಅಂಗಿ ಹಾಕಿಕೊಂಡು ಯಡೂರಿಗೆ ಹೋಗಿ, ಹೊಳೆಯಲ್ಲಿ ಮಿಂದು, ವೀರಭದ್ರನ ಮುಂದೆ ಒದ್ದೆ ಬಟ್ಟೆಯಲ್ಲಿ ಆಣೆ ಮಾಡಿ ಬಂದ. ಆಗ ನನಗೆ ನೆನಪಾಯಿತು, ಕಾದ ಡೀಸೆಲ್ ಹಿಗ್ಗಿರುತ್ತದೆ, ನೆಲದಡಿ ತಣ್ಣಗಾದರೆ ಕುಗ್ಗುತ್ತದೆ. ತರಬೇತಿಯಲ್ಲಿ ಮೊದಲ ವಾರ ಕಲಿಸಿದ ಪಾಠ. ಕ್ಷಮೆ ಕೇಳಿ ಆತನಿಗೂ ಬಿಡಿಸಿ ಹೇಳಿದೆ. "ರಾತ್ರಿ ತಂಪಿಗೆ ಅದು ಮುದುಡಿಕೊಳ್ಳುತ್ತದೆ ಅಷ್ಟೇ, ನಿಮ್ಮ ತಪ್ಪಿಲ್ಲ."

ಮುಂದಿನ ಸಲ ಹೋದಾಗ ಟಾಕಿಯ ಮುಚ್ಚಳದ ಮೇಲೆ ಕುರುಬರ ಕರಿ ಕಂಬಳಿ ಹಾಸಿ, ನಾಲ್ಕೂ ಮೂಲೆಗೆ ಕಲ್ಲು ಹೇರಿತ್ತು. ಏನಿದು ಅಂತ ಕೇಳಿದೆ. "ಅದಕ್ಕ ಥಂಡಿ ಆಗಿ ನನಗ ಕಳ್ಳ ಅನಿಸ್ಕೊಳ್ಳೂ ಹೊತ್ತ ಬ್ಯಾಡ್ರಿ" ಅಂದ. ನಗು ಬಂತು, ಆದರೆ ಆತ ನಗಲಿಲ್ಲ. ಅಲ್ಲಿಂದ ಮುಂದೆ ನಾನು ಬಂದಾಗಲೆಲ್ಲ ಚಹಾ ಕೊಡುತ್ತಿದ್ದ. ಎದುರಿಗೆ ಕೂತು ಕುಡಿಯುತ್ತಿರಲಿಲ್ಲ.

೫. ನಿಪ್ಪಾಣಿಯ ಮೂಗು

ಟಾಕಿಯ ಪಕ್ಕ ತಗ್ಗು ತೋಡಿ ಮಣ್ಣು ಮೂಸಿ ನೋಡುವುದು ಇನ್ನೊಂದು ಪರೀಕ್ಷೆ. ಅದನ್ನು ನಿಪ್ಪಾಣಿಯಲ್ಲಿ ಮಾಡಬಾರದು. ಪಕ್ಕದಲ್ಲಿ ತಂಬಾಕಿನ ವಖಾರಿ, ಗಾಳಿಯೆಲ್ಲ ಘಾಟು. ಮಣ್ಣಿಗೆ ಮೂಗು ಹಚ್ಚಿದ್ದೇ ತಡ, ನನಗೆ ಸೀನು ಹತ್ತಿತು. ಕಣ್ಣು ಮೂಗು ಎಲ್ಲ ಸುರಿಯತೊಡಗಿದವು.

ಕೊನೆಗೆ ವಖಾರಿಯ ಕಾವಲುಗಾರನನ್ನು ಕರೆದು, ಈ ಮಣ್ಣಿನಲ್ಲಿ ಪೆಟ್ರೋಲಿನ ವಾಸನೆ ಇದೆಯಾ ನೋಡಪ್ಪ ಅಂದೆ. ಆತ ಹುಟ್ಟಿದಾಗಿನಿಂದ ತಂಬಾಕಿನಲ್ಲೇ ಇದ್ದವನು. ತಗ್ಗಿಗೆ ಇಳಿದು ಉಸಿರು ಎಳೆದು, "ಕಾಹೀ ವಾಸ್ ನಾಹೀ, ಸಾಹೇಬ" ಅಂತ ಮರಾಠಿಯಲ್ಲಿ ಅಂದ. ನಾನು ವಾಸನೆ ಇಲ್ಲ ಅಂತ ಬರೆದುಕೊಳ್ಳುವಷ್ಟರಲ್ಲಿ ಅವನು ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದು ಕೇಳಿದ: "ನನ್ನ ಮೂಗಿನ ಮ್ಯಾಲ ಭರವಸೆ ಇಲ್ಲಂದ್ರ, ಕಡ್ಡಿ ಕೊರದ ನೋಡೋಣೇನ್ರಿ?"

ನಾನು ತಗ್ಗಿನಿಂದ ಹೇಗೆ ಹೊರಗೆ ಬಂದೆ ಅನ್ನುವುದು ಇವತ್ತಿಗೂ ನನಗೆ ತಿಳಿದಿಲ್ಲ.

೬. ಠಣ್

ಆಯಿಯ ಬಾವಿ ನೀರು ಕುಡಿದು ವರ್ಷದ ಮೇಲಾಗಿತ್ತು. ಆ ಮಳೆಗಾಲ ಜೋರಾಗಿ ಹೊಡೆದು ನೆಲದ ನೀರೆಲ್ಲ ಮೇಲಕ್ಕೆ ಬಂದಿತ್ತು. ಕಬ್ಬೂರ ದಾರಿಯ ಪಂಪಿನ ಆ ಹಳೆಯ ಕೆಲಸಗಾರ ಚಿಕ್ಕೋಡಿಗೇ ಬಂದು ಕೋಲು ತೋರಿಸಿದ. ತುದಿಯ ಪೇಸ್ಟು ಕೆಂಪಾಗಿತ್ತು.

"ಕುಂಕುಮ ಇರಬೇಕು, ತೊಳೀರಿ" ಅಂದೆ.

"ಶ್ರಾವಣದಾಗ ಎಲ್ಲಿ ಖಂಡೆ ಪೂಜೀರಿ?"

"ಶ್ರಾವಣ ಸೋಮವಾರ ಯಾರೋ ಮಾಡಿರುತ್ತಾರೆ" ಅಂತ ಅವನನ್ನು ಸಾಗಹಾಕಿದೆ. ಅಥಣಿಯಲ್ಲಿ ಸುಟ್ಟುಕೊಂಡವನಲ್ಲವೇ.

ಎರಡೇ ದಿನದಲ್ಲಿ ಆ ಪಂಪಿನಿಂದ ಡೀಸೆಲ್ ಹಾಕಿಸಿಕೊಂಡ ಟ್ರ್ಯಾಕ್ಟರುಗಳು ದಾರಿಯುದ್ದಕ್ಕೂ ಕೆಮ್ಮಿ ಕೆಮ್ಮಿ ನಿಂತವು. ಹಾಲಿನ ಗಾಡಿಯೂ ನಿಂತಿತು. ಇಂಜಿನ್ನುಗಳಲ್ಲಿ ಡೀಸೆಲ್ಲಿಗಿಂತ ನೀರೇ ಹೆಚ್ಚಿತ್ತು. ಕಂಪನಿಯವರು ಬಂದು ಟಾಕಿ ಖಾಲಿ ಮಾಡಿ, ಸುತ್ತ ತೋಡಿ, ಸರಪಳಿ ಹಾಕಿ ಮೇಲಕ್ಕೆ ಎತ್ತಿದರು. ಸುತ್ತಲಿನ ಹಳ್ಳಿಯವರೆಲ್ಲ ನೋಡಲು ನೆರೆದಿದ್ದರು.

ಟಾಕಿಗೆ ತುಕ್ಕಿರಲಿಲ್ಲ, ಬೆಸುಗೆ ಬಿಟ್ಟಿರಲಿಲ್ಲ. ಎಲ್ಲ ಕಡೆ ಗಟ್ಟಿಯಾಗಿತ್ತು. ತಳದಲ್ಲಿ ಒಂದೇ ಒಂದು ತೂತು, ನಾಲ್ಕಾಣೆಯಷ್ಟು ಅಗಲ, ದುಂಡಗೆ, ಅಚ್ಚುಕಟ್ಟು. ಅದು ಎಲ್ಲಿತ್ತು ಅಂದರೆ, ಕೋಲು ಇಳಿಸುವ ಬಾಯಿಯ ನೇರ ಕೆಳಗೆ. ನಾನು ಪಂಪಿನ ಕೋಲು ತಂದು ಇಟ್ಟು ನೋಡಿದೆ. ಹಿತ್ತಾಳೆ ಮೊನೆ ಕೀಲಿಯ ಹಾಗೆ ಹೋಗಿ ಕೂತಿತು.

ಪಂಪಿನವರು ದಿನಕ್ಕೆ ಎರಡು ಸಲ, ನನ್ನ ಪಾಠದಂತೆ, 'ಠಣ್' ಅಂತ ಬಿಟ್ಟು ಬಿಟ್ಟು ಆ ಜಾಗ ಸವೆದು ಹೋಗಿತ್ತು. ತೂತು ಬಿದ್ದ ಮೇಲೆ ಕೋಲು ಟಾಕಿಯನ್ನು ದಾಟಿ ಕೆಳಗಿನ ಹಸಿ ಎರೆಮಣ್ಣಿಗೆ ಇಳಿಯುತ್ತಿತ್ತು. ಒಂದೊಂದು ಏಟಿಗೂ ಇನ್ನಷ್ಟು ಆಳ. ಕೋಲು ಆಳಕ್ಕೆ ಹೋದಷ್ಟೂ ಅದರ ಮೇಲೆ ಹಸಿ ಮೇಲಕ್ಕೆ ಬರುತ್ತದಲ್ಲ, ಅದಕ್ಕೇ ಡೀಸೆಲ್ ಮರಿ ಹಾಕಿತ್ತು. ಮಣ್ಣು ಅರ್ಧ ಮುಚ್ಚಿದ ತೂತಿನಿಂದ ಹನಿಹನಿಯಾಗಿ ಬಾವಿಗೆ ಹೋದ ಡೀಸೆಲ್ ಆ ಕೋಲಿಗೆ ಕಾಣಲೇ ಇಲ್ಲ.

ಜನರ ನಡುವಿನಿಂದ ಆಯಿ ಮುಂದೆ ಬಂದಳು. ತೂತಿನಲ್ಲಿ ಬೆರಳು ಹಾಕಿ ತಿರುವಿದಳು. ಕೋಲು ನೋಡಿದಳು, ನನ್ನನ್ನು ನೋಡಿದಳು.

"ಇಷ್ಟ ವರ್ಸ ನೀ ತೂತ ಹುಡುಕಾಕ ಬರತಿ ಅಂತ ತಿಳದಿದ್ದೆ ತಮ್ಮಾ. ಕೊರಿಯಾಕ ಬರತಿದ್ದೆಲ್ಲಾ!"

ನೆರೆದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಗಲು ನೋಡಿದೆ, ಆಗಲಿಲ್ಲ.

೭. ಯಡೂರಿನ ದಾರಿ

ಜನ ಕರಗಿದ ಮೇಲೆ ಆಯಿಯ ಗುಡಿಸಲಿಗೆ ಹೋದೆ. ಗೂಟ ಇತ್ತು, ಎಮ್ಮೆ ಇರಲಿಲ್ಲ.

"ಮಾರಿದೆ" ಅಂದಳು ಆಯಿ. "ನೀ ಕುಡದ ನೀರ ಅದಕ್ಕ ಸೇರವಲ್ದು ಅಂದ್ರ, ಅದಕ್ಕಽ ಏನೋ ರೋಗ ಬಡದೈತಿ ಅಂದ್ಕೊಂಡೆ. ಬಡದೆ, ಬೈದೆ. ನೀರ ಬಿಟ್ಟ ಬಿಟ್ಟ ಎಲಬ ಹೊಂಟ್ವು. ಕಡೀಕ ಯಡೂರ ರೈತಗ ಕೊಟ್ಟೆ."

"ನೀನು?"

"ನಾ ಕುಡದೆ. ನೀ ಕುಡದಿದ್ದೆಲ್ಲ."

ವರ್ಷಕ್ಕಿಂತ ಹೆಚ್ಚು ಕಾಲ ಆಕೆ ಆ ನೀರನ್ನೇ ಕುಡಿದಿದ್ದಳು. ಬಗ್ಗಿ ಕೈ ಮುಗಿದೆ. ಕಂಪನಿಯಿಂದ ಹೊಸ ಬಾವಿ ಕೊಡಿಸುತ್ತೇನೆ, ನಾನೇ ಬರೆಯುತ್ತೇನೆ, ತಪ್ಪು ನನ್ನದು ಅಂತಲೇ ಬರೆಯುತ್ತೇನೆ ಅಂದೆ. ಮುಂದೆ ಬರೆದೆ ಕೂಡ, ಕೊಡಿಸಿದೆ ಕೂಡ. ಹಳೆಯ ಬಾವಿಯ ನೀರು ಮಾತ್ರ ಮತ್ತೆ ಕುಡಿಯಲು ಬರಲಿಲ್ಲ. ನಾನು ನೌಕರಿ ಬಿಡುವ ದಿನವೂ ಅದರ ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆಯ ಪದರ ತೇಲುತ್ತಿತ್ತು.

ಆಯಿ ನನ್ನ ಕೈ ಸರಿಸಿದಳು. "ನನ್ನ ಮುಂದ ಯಾಕ ಮುಗಿತಿ? ನಾ ನಿನ್ನ ನಂಬಿದಾಕಿ, ನಂದೂ ತಪ್ಪೈತಿ. ನಂಬಲಾರದ್ದು ಆ ಎಮ್ಮಿ ಒಂದಽ. ಅದರ ಮುಂದ ಮುಗಿ ನಡಿ."

ಚೇಷ್ಟೆ ಅಂದುಕೊಂಡೆ. ಆಕೆ ಆಗಲೇ ಸೆರಗು ಕಟ್ಟಿಕೊಂಡು ಸ್ಕೂಟರಿನ ಹತ್ತಿರ ನಿಂತಿದ್ದಳು.

ಕಬ್ಬೂರಿನಿಂದ ಯಡೂರಿನವರೆಗೆ ಹಿಂದೆ ಆಯಿಯನ್ನು ಕೂರಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಒಂದು ಕೈಯಲ್ಲಿ ನನ್ನ ಹೆಗಲು, ಇನ್ನೊಂದು ಕೈಯಲ್ಲಿ ತಪಕೀರಿನ ಡಬ್ಬಿ. ಸ್ಕೂಟರು ತಗ್ಗಿಗೆ ಇಳಿದಾಗಲೆಲ್ಲ ನನ್ನ ಕಿವಿಗೆ ತಪಕೀರು. ಯಡೂರಿನ ರೈತನಿಗೆ ಬಂದ ಕಾರಣ ಹೇಳಿದಾಗ ಆತ ಎರಡೆರಡು ಸಲ ಕೇಳಿದ. "ಎಮ್ಮಿ ಕೊಳ್ಳಾಕ ಬಂದೀರೇನ್ರಿ?" "ಇಲ್ಲ." "ಮತ್ತ?" "ಕೈ ಮುಗಿಯಲು." ಆತ ಹೆಂಡತಿಯನ್ನು, ಅಣ್ಣತಮ್ಮಂದಿರನ್ನು, ನೆರೆಮನೆಯವರನ್ನು ಎಲ್ಲ ಕರೆದುಕೊಂಡು ಬಂದ.

ಎಮ್ಮೆ ಹೊಳೆಯ ದಂಡೆಯಲ್ಲಿತ್ತು. ಮೈ ತುಂಬಿ ಕರ್ರಗೆ ಮಿಂಚುತ್ತಿತ್ತು. ಕೃಷ್ಣೆಯ ನೀರಿಗೆ ಮೂತಿ ಇಟ್ಟು ಸೊರಸೊರ ಎಳೆಯುತ್ತಿತ್ತು. ಅದಕ್ಕೆ ಯಾವ ರೋಗವೂ ಇರಲಿಲ್ಲ. ಆಯಿ ಅದರ ಕೊರಳು ತಬ್ಬಿಕೊಂಡಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನನ್ನು ಕರೆದಳು.

ಯಡೂರಿನ ಅಷ್ಟೂ ಜನರ ಎದುರು ಹೊಳೆಯಲ್ಲಿ ಕೈಕಾಲು ತೊಳೆದುಕೊಂಡೆ. ಡೀಸೆಲ್ ಹತ್ತಿದ ಕೈಗಳನ್ನು ಮರಳಿನಿಂದ ಉಜ್ಜಿ ಉಜ್ಜಿ ತೊಳೆದೆ. ಎಮ್ಮೆಯ ಎದುರು ನಿಂತು ಎರಡೂ ಕೈ ಜೋಡಿಸಿದೆ. "ನೀನು ಹೇಳಿದ್ದೇ ಖರೆ ಇತ್ತು, ತಪ್ಪಾಯಿತು" ಅಂತ ಬಾಯಿಬಿಟ್ಟು ಅಂದೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು, ನನಗೆ ಬೇಸರ ಅನಿಸಲಿಲ್ಲ.

ಎಮ್ಮೆ ಕತ್ತು ಚಾಚಿ ನನ್ನ ಕೈಗಳನ್ನು ಒಂದು ಸಲ ಮೂಸಿತು. ಇನ್ನೊಂದು ಸಲ ಮೂಸಿತು. ಬುಸ್ ಅಂತ ಉಸಿರು ಬಿಟ್ಟು, ಮುಖ ತಿರುಗಿಸಿ, ನನಗೆ ಬೆನ್ನು ಕೊಟ್ಟು ನಿಂತಿತು.

ಆಯಿ ನನ್ನ ಜೇಬಿನಲ್ಲಿದ್ದ ಪೆನ್ನು ತೆಗೆದು ಕೈಗೆ ಕೊಟ್ಟಳು.

"ಎಮ್ಮಿ ಹೇಳಿದ್ದ ಬರಕೋ ತಮ್ಮಾ, ಈ ಸಲಾನರ ಬರಕೋ."